ಯಕೃತ್ತಿಗೆ ಹೊಸ ಔಷಧ, ಸಮುದಾಯದ ಹಳೆಯ ಮೌನ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಂತಹ ಊರುಗಳಲ್ಲಿ ಕಾಮಾಲೆ ಎಂದೊಡನೆ ಇಂದಿಗೂ ಅನೇಕರಿಗೆ ಮೊದಲು ನೆನಪಾಗುವುದು ನಾಟಿ ಔಷಧ. ಕಣ್ಣು ಹಳದಿಯಾದರೆ ಬೇರು ಅರೆದು ಕುಡಿಸುವವರ ಮನೆ ಹುಡುಕುತ್ತಾರೆ. ಹದಿನೈದು ದಿನಗಳಲ್ಲಿ ಹಳದಿ ಇಳಿದರೆ ರೋಗವೇ ಹೋಯಿತೆಂಬ ನೆಮ್ಮದಿ. ಬಂದದ್ದು ಹಿಪಟೈಟಿಸ್ ‘ಎ’ ಆಗಿದ್ದರೆ ಅದು ಬಹುತೇಕ ತಾನಾಗಿಯೇ ಇಳಿಯುತ್ತದೆ, ಕೀರ್ತಿ ಮಾತ್ರ ಬೇರಿಗೆ ಸಲ್ಲುತ್ತದೆ. ಹಿಪಟೈಟಿಸ್ ‘ಬಿ’ ಆಗಿದ್ದರೆ ಕಥೆ ಬೇರೆ. ಅದು ಯಾವ ಲಕ್ಷಣವನ್ನೂ ತೋರದೆ ದಶಕಗಳ ಕಾಲ ಯಕೃತ್ತಿನಲ್ಲಿ, ಅಂದರೆ ಲಿವರ್‌ನಲ್ಲಿ, ಅಡಗಿ ಕುಳಿತು ಕೊನೆಗೆ ಸಿರೋಸಿಸ್ ಅಥವಾ ಕ್ಯಾನ್ಸರ್ ಆಗಿ ಹೊರಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಮಂದಿ ಈ ವೈರಾಣುವನ್ನು ಹೊತ್ತು ಬದುಕುತ್ತಿದ್ದರು. ಅವರಲ್ಲಿ ಹೆಚ್ಚಿನವರಿಗೆ ಅದರ ಅರಿವೇ ಇಲ್ಲ.

ಈ ರೋಗಕ್ಕೆ ಈಗಿರುವ ಮಾತ್ರೆಗಳು ವೈರಾಣುವನ್ನು ಹತ್ತಿಕ್ಕುತ್ತವೆಯೇ ಹೊರತು ಬೇರುಸಹಿತ ಕೀಳುವುದಿಲ್ಲ. ವೈರಾಣುವಿನ ಮೂಲಪ್ರತಿ ಯಕೃತ್ತಿನ ಜೀವಕೋಶದ ಒಡಲಲ್ಲೇ ಉಳಿದಿರುತ್ತದೆ. ಆದ್ದರಿಂದಲೇ ವಿಜ್ಞಾನಿಗಳು ಬೇರೊಂದು ಹಾದಿ ಹಿಡಿದಿದ್ದಾರೆ. ವಂಶವಾಹಿಯನ್ನು ಒಂದು ಆಜ್ಞೆ ಎಂದು ಭಾವಿಸಿದರೆ, ಆ ಆಜ್ಞೆಯ ನಕಲನ್ನು ಜೀವಕೋಶದ ಕಾರ್ಯಾಗಾರಕ್ಕೆ ಒಯ್ಯುವುದು ಆರ್‌ಎನ್‌ಎ ಎಂಬ ಅಣು. ಆ ನಕಲನ್ನು ದಾರಿಯಲ್ಲೇ ಕತ್ತರಿಸಿದರೆ ಆಜ್ಞೆ ಜಾರಿಯಾಗುವುದಿಲ್ಲ. ಅಮೆರಿಕದ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಈ ವಿದ್ಯಮಾನವನ್ನು 1998ರಲ್ಲಿ ಒಂದು ಸಣ್ಣ ಹುಳದಲ್ಲಿ ತೋರಿಸಿಕೊಟ್ಟರು. 2006ರಲ್ಲಿ ಅವರಿಗೆ ನೊಬೆಲ್ ಸಂದಿತು.

ತೊಡಕು ಇದ್ದದ್ದು ಸಾಗಣೆಯಲ್ಲಿ. ಕತ್ತರಿಸುವ ಈ ತುಣುಕನ್ನು ಹಾಗೆಯೇ ರಕ್ತಕ್ಕೆ ಚುಚ್ಚಿದರೆ ರಕ್ತದಲ್ಲಿನ ಕಿಣ್ವಗಳು ಅದನ್ನು ಚೂರು ಮಾಡುತ್ತವೆ, ಉಳಿದದ್ದನ್ನು ಮೂತ್ರಪಿಂಡ ಹೊರಹಾಕುತ್ತದೆ. ಹಾಗಾಗಿ ಅದನ್ನು ಕೊಬ್ಬಿನ ಅತಿಸೂಕ್ಷ್ಮ ಗುಳಿಗೆಯೊಳಗೆ, ಅಂದರೆ ನ್ಯಾನೊ ಕಣದೊಳಗೆ, ಅಡಗಿಸಿ ಕಳುಹಿಸುವ ಉಪಾಯ ಬಂತು. ರಕ್ತದ ಕೊಬ್ಬನ್ನು ಹೀರಿಕೊಳ್ಳುವುದು ಯಕೃತ್ತಿನ ಸಹಜ ಕೆಲಸ. ಈ ಕಣವನ್ನೂ ಅದು ಕೊಬ್ಬೆಂದೇ ಭಾವಿಸಿ ಒಳಗೆ ಎಳೆದುಕೊಳ್ಳುತ್ತದೆ. ಈ ಬಗೆಯ ಮೊದಲ ಔಷಧ ಪ್ಯಾಟಿಸಿರಾನ್‌ಗೆ 2018ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಯಕೃತ್ತು ತಯಾರಿಸುವ ಒಂದು ದೋಷಪೂರಿತ ಪ್ರೋಟೀನ್ ನರಗಳಲ್ಲಿ ಶೇಖರವಾಗುವ ಅಪರೂಪದ ಆನುವಂಶಿಕ ಕಾಯಿಲೆಗೆ ಅದು ಮದ್ದು. ಹಿಪಟೈಟಿಸ್ ‘ಬಿ’ಗೂ ಇಂತಹ ಹಲವು ಔಷಧಗಳ ಪ್ರಯೋಗ ನಡೆದಿದೆ. ಎಲ್ಲವೂ ಸುಗಮವಾಗಿ ಸಾಗಿಲ್ಲ. ಸಾಗಣೆಗೆ ಬಳಸಿದ ವಸ್ತುವಿನ ಹೆಚ್ಚಿನ ಪ್ರಮಾಣ ಪಡೆದ ಮಂಗಗಳು ಸತ್ತದ್ದರಿಂದ 2016ರಲ್ಲಿ ಆರೋಹೆಡ್ ಎಂಬ ಕಂಪೆನಿ ತನ್ನ ಅಂತಹ ಒಂದು ಪ್ರಯೋಗವನ್ನೇ ಕೈಬಿಟ್ಟಿತು.

ವಂಶವಾಹಿ ಎಂಬ ಪದ ಕಿವಿಗೆ ಬಿದ್ದೊಡನೆ, ಇದು ಅಲ್ಲಾಹನ ಸೃಷ್ಟಿಯಲ್ಲಿ ಕೈಯಾಡಿಸುವುದಲ್ಲವೇ ಎಂದು ನಮ್ಮಲ್ಲಿ ಕೆಲವರು ಹುಬ್ಬೇರಿಸುತ್ತಾರೆ. ಕೋವಿಡ್ ಲಸಿಕೆಯ ಕಾಲದಲ್ಲಿ ಇಂತಹ ವದಂತಿಗಳು ಮೊಬೈಲಿನಿಂದ ಮೊಬೈಲಿಗೆ ಹೇಗೆ ಹರಡಿದವೆಂಬುದು ಎಲ್ಲರಿಗೂ ತಿಳಿದಿದೆ. ಇಲ್ಲಿ ವಂಶವಾಹಿಯನ್ನು ಯಾರೂ ತಿದ್ದುವುದಿಲ್ಲ. ತಡೆಯಲಾಗುವುದು ಅದರ ನಕಲನ್ನು ಮಾತ್ರ. ಪ್ಯಾಟಿಸಿರಾನ್‌ನ ಪರಿಣಾಮ ಇಳಿದುಹೋಗುವುದರಿಂದಲೇ ಅದನ್ನು ಮೂರು ವಾರಕ್ಕೊಮ್ಮೆ ನೀಡಬೇಕಾಗುತ್ತದೆ. ಮಕ್ಕಳಿಗೆ ಅದು ದಾಟುವ ಪ್ರಶ್ನೆಯೇ ಇಲ್ಲ. ಪ್ರತಿ ರೋಗಕ್ಕೂ ಮದ್ದಿದೆ ಎಂದು ಕಲಿಸಿದ ಪ್ರವಾದಿಯವರ(ಸ) ಅನುಯಾಯಿಗಳು ಆ ಮದ್ದನ್ನು ಹುಡುಕುವವರ ಬಗ್ಗೆ ಸಂಶಯಪಡುವುದು ಸೋಜಿಗವೇ ಸರಿ.

ನಿಜವಾದ ಸಂಶಯ ಪಡಬೇಕಾದದ್ದು ಬೆಲೆಯ ಬಗ್ಗೆ. ಪ್ಯಾಟಿಸಿರಾನ್‌ಗೆ ಅಲ್ನೈಲಮ್ ಕಂಪೆನಿ ಆರಂಭದಲ್ಲಿ ಘೋಷಿಸಿದ ದರ ವರ್ಷಕ್ಕೆ 4.5 ಲಕ್ಷ ಡಾಲರ್, ಅಂದಿನ ಲೆಕ್ಕದಲ್ಲಿ 3 ಕೋಟಿ ರೂಪಾಯಿಗೂ ಮಿಗಿಲು. ನಮ್ಮ ಕೇಂದ್ರ ಸರಕಾರದ ಅಪರೂಪದ ಕಾಯಿಲೆಗಳ ನೀತಿಯಲ್ಲಿ ನೆರವಿನ ಮಿತಿ 50 ಲಕ್ಷ. ರಾಮದುರ್ಗದ ನೇಕಾರನಿಗೆ ಈ ಎರಡು ಅಂಕಿಗಳ ನಡುವಿನ ಕಂದಕವನ್ನು ವಿವರಿಸಬೇಕಾಗಿಲ್ಲ. ಆದರೆ ಬೆಲೆ ಎಂಬುದು ವಿಧಿಲಿಖಿತವೇನೂ ಅಲ್ಲ. ಹಿಪಟೈಟಿಸ್ ‘ಸಿ’ ಗುಣಪಡಿಸುವ ಸೊಫೊಸ್ಬುವಿರ್ 2013ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಒಂದು ಮಾತ್ರೆಗೆ 1000 ಡಾಲರ್, ಹನ್ನೆರಡು ವಾರಗಳ ಚಿಕಿತ್ಸೆಗೆ 84 ಸಾವಿರ ಡಾಲರ್ ಇತ್ತು. ಪೇಟೆಂಟ್ ವಿರುದ್ಧ ಭಾರತದಲ್ಲಿ ಆಕ್ಷೇಪಗಳೆದ್ದವು. 2014ರಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಸೇರಿದಂತೆ ಏಳು ಭಾರತೀಯ ಕಂಪೆನಿಗಳಿಗೆ ತಯಾರಿಕೆಯ ಪರವಾನಗಿ ಸಿಕ್ಕಿತು. ಅದೇ ಮಾತ್ರೆ ಇಂದು ರಾಷ್ಟ್ರೀಯ ವೈರಲ್ ಹಿಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಉಚಿತ. ನ್ಯಾನೊ ಔಷಧ ಮಾತ್ರೆಯಷ್ಟು ಸುಲಭದ ತಯಾರಿಕೆಯಲ್ಲ, ನಿಜ. ಆದರೂ ಸರಕಾರ ಈಗಿನಿಂದಲೇ ಸಾರ್ವಜನಿಕ ಸಂಶೋಧನೆಗೆ ಹಣ ಹೂಡದಿದ್ದರೆ ಮುಂದೆ ಅದೇ ಕಂಪೆನಿಗಳ ಬಾಗಿಲಲ್ಲಿ ಕೈಚಾಚಿ ನಿಲ್ಲಬೇಕಾಗುತ್ತದೆ. ಮತ ಕೇಳಲು ಬರುವವರ ಮುಂದೆ ನಮ್ಮ ಜಮಾಅತ್‌ಗಳು ಶಾದಿಮಹಲ್ ಮತ್ತು ಕಬರಸ್ತಾನದ ಕಾಂಪೌಂಡಿನ ಬೇಡಿಕೆಯೊಂದಿಗೆ ಇದನ್ನೂ ಇಟ್ಟದ್ದುಂಟೇ?

ಹೊಸ ಔಷಧ ನಾಳೆಯೇ ಬಂದರೂ ಅದು ತಲುಪುವುದು ತನಗೆ ರೋಗವಿದೆಯೆಂದು ತಿಳಿದವನನ್ನು ಮಾತ್ರ. ನಮ್ಮಲ್ಲಿ ತಿಳಿದವರೂ ಹೇಳುವುದಿಲ್ಲ. ಮಗಳ ನಿಕಾಹ್ ತಪ್ಪೀತೆಂದು ತಂದೆ ವರದಿಯನ್ನು ಬೀರುವಿನಲ್ಲಿ ಮುಚ್ಚಿಡುತ್ತಾನೆ, ಕೆಲಸ ಹೋದೀತೆಂದು ಮಗ ಮಾತ್ರೆ ನಿಲ್ಲಿಸುತ್ತಾನೆ. ಈ ವೈರಾಣು ಒಂದೇ ತಟ್ಟೆಯಲ್ಲಿ ಉಂಡರೆ, ಕೈ ಕುಲುಕಿದರೆ, ಒಂದೇ ಸಫ್‌ನಲ್ಲಿ ನಿಂತರೆ ಹರಡುವುದಿಲ್ಲ. ಹರಡುವುದು ರಕ್ತದಿಂದ, ದಾಂಪತ್ಯ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ. ಸಂಗಾತಿಯಾಗುವವರು ಮುಂಚೆಯೇ ಲಸಿಕೆ ಪೂರ್ಣಗೊಳಿಸಿಕೊಂಡರೆ ನಿಕಾಹ್‌ಗೆ ಇದು ಅಡ್ಡಿಯೇ ಅಲ್ಲ. ಮುಚ್ಚಿಟ್ಟು ಮಾಡುವ ನಿಕಾಹ್ ಮಾತ್ರ ವಂಚನೆ.

ಇನ್ನೊಂದು ಮಾತು ಕೆಲವರಿಗೆ ಕಹಿಯೆನಿಸಬಹುದು. ಸುನ್ನತ್ತಿನ ಹೆಸರಿನಲ್ಲಿ ಹಿಜಾಮಾ ಶಿಬಿರಗಳು ಈಚೆಗೆ ಹೆಚ್ಚಿವೆ. ಅಲ್ಲಿ ಪ್ರತಿಯೊಬ್ಬರಿಗೂ ಹೊಸ ಬ್ಲೇಡ್, ಹೊಸ ಕಪ್ ಬಳಸುತ್ತಾರೆಯೇ ಎಂದು ಕೇಳಿ ನೋಡಬೇಕು. ಖತ್ನಾ ಮಾಡುವವರ ಕತ್ತಿಗೂ, ಕ್ಷೌರದಂಗಡಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಮಗು ಹುಟ್ಟಿದ 24 ಗಂಟೆಯೊಳಗೆ ಕೊಡಬೇಕಾದ ಲಸಿಕೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿದೆ. ಹುಟ್ಟುವಾಗ ಸೋಂಕು ತಗುಲಿದ ಮಕ್ಕಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿಗೆ ಅದು ಜೀವನಪರ್ಯಂತ ಅಂಟಿಕೊಳ್ಳುತ್ತದೆ, ವಯಸ್ಕರಲ್ಲಿ ನೂರಕ್ಕೆ ಐದು ಮಂದಿಗೂ ಇಲ್ಲ. ಹೆರಿಗೆ ಕೊಠಡಿಯ ಹೊರಗೆ ಅಝಾನ್ ಹೇಳಲು ಕಾದಿರುವ ತಂದೆ ಈ ಲಸಿಕೆಯನ್ನೂ ನೆನಪಿಸಿ ಕೇಳಲಿ.

ಜುಲೈ 28 ವಿಶ್ವ ಹಿಪಟೈಟಿಸ್ ದಿನ. ನಾಲ್ಕೂ ತಾಲೂಕುಗಳ ಜಮಾಅತ್‌ಗಳು ತಾಲೂಕು ಆರೋಗ್ಯಾಧಿಕಾರಿಗೆ ಮೊದಲೇ ಮನವಿ ಕೊಟ್ಟರೆ ಅದರ ಸಮೀಪದ ಜುಮಾದಂದು ಮಸೀದಿಯ ಆವರಣದಲ್ಲೇ ರಕ್ತ ಪರೀಕ್ಷೆ ನಡೆಸುವುದು ಕಷ್ಟವಲ್ಲ. ಸೋಂಕು ಪತ್ತೆಯಾದವರ ಹೆಸರು ಗುಟ್ಟಾಗಿರಲಿ. ಬೆಳಗಾವಿಗೆ ತಪಾಸಣೆಗೆ ಹೋಗುವ ಬಡವರ ಬಸ್ಸಿನ ಖರ್ಚನ್ನು ಬೈತುಲ್ ಮಾಲ್‌ನಿಂದ ಭರಿಸಬಹುದು. ಮೊದಲ ಹನಿ ರಕ್ತ ಕೊಡುವವರು ಇಮಾಮರೂ ಜಮಾಅತಿನ ಅಧ್ಯಕ್ಷರೂ ಆದರೆ ಉಳಿದವರು ಸಾಲಿನಲ್ಲಿ ನಿಲ್ಲಲು ಹಿಂಜರಿಯಲಾರರು.