ಡಬ್ಬಿಯೂ ಪದಾರ್ಥವೂ

ಕಳೆದ ತಿಂಗಳು ಮದುವೆಯ ವೀಡಿಯೊ ನೋಡಲೆಂದು ನಮ್ಮ ಮನೆಯ ಹಿರಿಯರೂ ಕಿರಿಯರೂ ಟೀವಿಯ ಮುಂದೆ ನೆರೆದಿದ್ದರು. ಪೆನ್ ಡ್ರೈವನ್ನು ಸಿಕ್ಕಿಸಿದೆವು. ಗಟ್ಟಿಮೇಳವು ಕಿವಿಗಡಚಿಕ್ಕುವಂತೆ ಕೇಳಿಸಿತು. ತೆರೆ ಮಾತ್ರ ಕಪ್ಪಾಗಿಯೇ ಉಳಿಯಿತು. ವಿಚಾರಿಸಲಾಗಿ ತಿಳಿದುದಿಷ್ಟು: ಫೈಲೆಂಬುದು ಒಂದು ಡಬ್ಬಿ. ಅದರೊಳಗೆ ಚಿತ್ರವನ್ನೂ ಧ್ವನಿಯನ್ನೂ ಅಡಕಗೊಳಿಸುವ ವಿಧಾನಗಳು ಹಲವು. ನಮ್ಮ ಟೀವಿಗೆ ಡಬ್ಬಿಯನ್ನು ತೆರೆಯಲು ಬಂದಿತು, ಧ್ವನಿಯನ್ನು ಬಿಡಿಸಲೂ ಬಂದಿತು. ಚಿತ್ರವನ್ನು ಬಿಡಿಸಲು ಬಾರದೆ ಹೋಯಿತು.

ಮನೆಯಲ್ಲಿ ಇಂತಹದು ನಗೆಯಲ್ಲಿ ಮುಗಿಯುವುದು. ರಾತ್ರಿ ಒಂಬತ್ತಕ್ಕೆ ವಾರ್ತೆಯನ್ನು ಬಿತ್ತರಿಸಲೇಬೇಕಾದವರ ಪಾಡೇನು? ಟೇಪಿನ ಕಾಲದಲ್ಲಿ ತೊಡಕು ಬಹುಮಟ್ಟಿಗೆ ಕಣ್ಣಿಗೇ ಕಾಣುತ್ತಿತ್ತು. ಟೇಪು ಯಂತ್ರದೊಳಗೆ ಹಿಡಿಸುತ್ತಿತ್ತು, ಇಲ್ಲವೆ ಹಿಡಿಸುತ್ತಿರಲಿಲ್ಲ. ಫೈಲಿಗೆ ಹೊರಗಣ ಆಕಾರವೇ ಇಲ್ಲವಷ್ಟೆ. ಒಗ್ಗದ ಫೈಲನ್ನು ಪ್ರತಿಸಲವೂ ಬಿಡಿಸಿ ಮತ್ತೆ ಅಡಕಗೊಳಿಸಹೋದರೆ ಹೊತ್ತೂ ಕಳೆಯುವುದು, ಚಿತ್ರವೂ ಮಾಸುವುದು.

ಇದನ್ನರಿತೇ ಯುರೋಪಿನ ಪ್ರಸಾರಸಂಸ್ಥೆಗಳ ಒಕ್ಕೂಟವೂ ಅಮೆರಿಕದ ಚಲಚ್ಚಿತ್ರ ಮತ್ತು ಟೆಲಿವಿಷನ್ ಇಂಜಿನಿಯರುಗಳ ಸಂಘವೂ 1996ರಲ್ಲಿ ಜಂಟಿ ಸಮಿತಿಯೊಂದನ್ನು ರಚಿಸಿದವು. ಅದರ ಅಂತಿಮ ವರದಿಯು 1998ರಲ್ಲಿ ಹೊರಬಿದ್ದಿತು. ಅದೇ ದಾರಿಯಲ್ಲಿ ಮುಂದುವರಿದು 2004ರಲ್ಲಿ ಮಾನದಂಡವಾಗಿ ಪ್ರಕಟವಾದುದು ಎಂ.ಎಕ್ಸ್.ಎಫ್. ಎಂಬ ಡಬ್ಬಿ. ಅದರ ಏರ್ಪಾಡು ನಮ್ಮ ಗೃಹಿಣಿಯರು ಮೆಚ್ಚತಕ್ಕದ್ದು. ಒಳಗಿನ ಒಂದೊಂದು ಪೊಟ್ಟಣಕ್ಕೂ ಮೊದಲು ಹೆಸರಿನ ಚೀಟಿ, ಆಮೇಲೆ ಅಳತೆ, ಆಮೇಲೆ ಪದಾರ್ಥ. ಚೀಟಿಯ ಉದ್ದ 16 ಬೈಟು. ಚೀಟಿಯಲ್ಲಿರುವ ಹೆಸರು ತನಗೆ ತಿಳಿಯದಿದ್ದರೆ ಯಂತ್ರವು ಗಾಬರಿಪಡದೆ, ಅಳತೆಯನ್ನು ನೋಡಿಕೊಂಡು, ಅಷ್ಟನ್ನು ದಾಟಿ ಮುಂದಿನ ಪೊಟ್ಟಣಕ್ಕೆ ಹೋಗುವುದು. ಹೀಗಾಗಿ ನಾಳೆ ಹುಟ್ಟುವ ಪದಾರ್ಥಕ್ಕೂ ಈ ಡಬ್ಬಿಯಲ್ಲಿ ಎಡೆಯುಂಟು.

ಆದರೆ ಎಲ್ಲರನ್ನೂ ಒಪ್ಪಿಸಹೊರಟವರು ಎಲ್ಲಕ್ಕೂ ಅವಕಾಶ ಕೊಟ್ಟರು. ಸೋನಿಯವರ ಎಕ್ಸ್‌ಡಿಕ್ಯಾಮ್ ತಟ್ಟೆಯಲ್ಲಿ ಚಿತ್ರವೂ ಧ್ವನಿಯೂ ಕೂಡಿ ಒಂದೇ ಫೈಲು. ಪ್ಯಾನಸಾನಿಕ್‌ನವರ ಪಿ2 ಕಾರ್ಡಿನಲ್ಲಿ ಚಿತ್ರಕ್ಕೊಂದು, ಧ್ವನಿಯ ಒಂದೊಂದು ಎಳೆಗೂ ಮತ್ತೊಂದೊಂದು. ಎರಡಕ್ಕೂ ಹೆಸರು ಎಂ.ಎಕ್ಸ್.ಎಫ್.! ಎರಡೂ ನಿಯಮಬದ್ಧವೇ, ಆದರೆ ಒಂದನ್ನು ಮಾತ್ರ ಬಲ್ಲ ಯಂತ್ರಕ್ಕೆ ಇನ್ನೊಂದು ಅಪರಿಚಿತ. ಇಷ್ಟೊಂದು ಆಯ್ಕೆಗಳುಳ್ಳ ಮಾನದಂಡವು ಅರ್ಧ ಮಾನದಂಡವೆಂದೇ ನಮ್ಮ ಅಭಿಪ್ರಾಯ.

ಉಳಿದರ್ಧವನ್ನು ಬ್ರಿಟನ್ನಿನವರು ತಮ್ಮ ಮಟ್ಟಿಗೆ ಪೂರೈಸಿಕೊಂಡರು. ಬಿ.ಬಿ.ಸಿ., ಐ.ಟಿ.ವಿ., ಚಾನೆಲ್ 4 ಮೊದಲಾದ ಸಂಸ್ಥೆಗಳು ಪರಸ್ಪರ ಪೈಪೋಟಿಯಲ್ಲಿದ್ದರೂ ಒಟ್ಟಿಗೆ ಕುಳಿತು ಆಯ್ಕೆಗಳನ್ನು ಸವರಿಹಾಕಿದವು. ಅಡಕಗೊಳಿಸುವ ವಿಧಾನ ಇಂತಹದೇ. ಹೈ ಡೆಫಿನಿಷನ್ ಚಿತ್ರಕ್ಕೆ ಗೆರೆಗಳು 1080, ಸೆಕೆಂಡಿಗೆ ಚೌಕಟ್ಟುಗಳು 25. ಕಾರ್ಯಕ್ರಮದ ಆರಂಭದಲ್ಲಿ ಕಾಲದ ಗುರುತು 10:00:00:00 ಎಂದೇ ಇರತಕ್ಕದ್ದು. 2014ರ ಅಕ್ಟೋಬರ್ 1ರಿಂದ ಟೇಪಿಗೆ ಬದಲಾಗಿ ಇಂತಹ ಫೈಲನ್ನೇ ಒಪ್ಪಿಸಬೇಕೆಂದು ಗೊತ್ತುಮಾಡಿದವು. ಒಂದೇ ಕಾರ್ಯಕ್ರಮವನ್ನು ಮನೆಗೊಂದು ಬಗೆಯಲ್ಲಿ ಸಿದ್ಧಪಡಿಸುವ ಕಷ್ಟವು ಅಲ್ಲಿನ ನಿರ್ಮಾಪಕರಿಗೆ ತಪ್ಪಿತು.

ನಮ್ಮ ವೀಡಿಯೊದವರು ಡಬ್ಬಿಯನ್ನು ಹಾಗೆಯೇ ಇರಿಸಿ, ಚಿತ್ರವನ್ನು ಮಾತ್ರ ಹಳೆಯ ವಿಧಾನದಲ್ಲಿ ಅಡಕಗೊಳಿಸಿ ಮರಳಿ ಕೊಟ್ಟರು. ಧಾರೆಯ ದೃಶ್ಯವು ಕೊನೆಗೂ ಮೂಡಿತು. ನಮ್ಮ ಪೇಟ ಓರೆಯಾಗಿದ್ದುದೂ ಎಲ್ಲರಿಗೂ ಕಂಡಿತು.