ವಾರಕ್ಕೊಂದು ಪೀರಿಯಡ್ ಮೇಷ್ಟ್ರುಗಳಿಗೆ ಬಿಟ್ಟುಕೊಡಿ

ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ಎರಡು ಸಂಗತಿ ತಪ್ಪುವುದಿಲ್ಲ. ಒಂದು, ಟಾಪರ್ ಮಗುವಿನ ಬಾಯಿಗೆ ಹೆತ್ತವರು ಸಿಹಿ ಇಡುವ ಫೋಟೊ. ಇನ್ನೊಂದು, ಯಾವ ಜಿಲ್ಲೆ ಎಷ್ಟನೇ ಸ್ಥಾನ ಎಂಬ ಪಟ್ಟಿ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಶೇ 20ರವರೆಗೆ ಕೃಪಾಂಕ ಕೊಟ್ಟ ಮೇಲೆ. ಉಡುಪಿ ಶೇ 94 ತಲುಪಿ ಮೊದಲ ಸ್ಥಾನದಲ್ಲಿದ್ದರೆ ಯಾದಗಿರಿ ಶೇ 50.59ಕ್ಕೆ ನಿಂತಿತ್ತು.

ಆಮೇಲೆ ನಡೆಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮುಖ್ಯ ಶಿಕ್ಷಕರಿಗೆ ನೋಟಿಸು, ಬೆಳಗ್ಗೆ ಸಂಜೆ ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜ್, ಹಿಂದುಳಿದ ಮಕ್ಕಳನ್ನು ಒಬ್ಬೊಬ್ಬ ಶಿಕ್ಷಕರಿಗೆ ದತ್ತು ಕೊಡುವುದು. ಇವುಗಳಿಂದ ಮಗು ಬೆಂಚಿನ ಮೇಲೆ ಕೂರುವ ಹೊತ್ತಂತೂ ಹೆಚ್ಚುತ್ತದೆ. ಆದರೆ ಆ ಮಗುವಿಗೆ ಪಾಠ ಹೇಳುವ ಆರೇಳು ಜನ ಒಟ್ಟಿಗೆ ಕೂತು ಅದರ ಬಗ್ಗೆ ಮಾತಾಡುವುದಕ್ಕೆ ವೇಳಾಪಟ್ಟಿಯಲ್ಲಿ ಜಾಗವೇ ಇಲ್ಲ.

ಹತ್ತನೇ ತರಗತಿಯ ಒಂದು ಮಗುವನ್ನು ಊಹಿಸಿಕೊಳ್ಳಿ. ವಿಜ್ಞಾನದ ಕಿರುಪರೀಕ್ಷೆಯಲ್ಲಿ ‘ಬೆಳ್ಳಿಯ ವಸ್ತುಗಳು ಗಾಳಿಯಲ್ಲಿ ಕಪ್ಪಾಗುವುದೇಕೆ?’ ಎಂಬ ಪ್ರಶ್ನೆ ಇದೆ. ಮಗು ‘ಬೆಳ್ಳಿ ಒಂದು ಲೋಹ, ಅದು ಹೊಳೆಯುತ್ತದೆ, ಆಮೇಲೆ ಕಪ್ಪಾಗುತ್ತದೆ’ ಎಂದು ಬರೆದಿದೆ. ಶಿಕ್ಷಕಿ ಸೊನ್ನೆ ಸುತ್ತುತ್ತಾರೆ. ಅದೇ ವಾರ ಸಮಾಜ ವಿಜ್ಞಾನದಲ್ಲಿ 1857ರ ದಂಗೆ ವಿಫಲವಾಗಲು ಕಾರಣ ಕೇಳಿದರೆ, ಮಂಗಲ್ ಪಾಂಡೆಯಿಂದ ಶುರುವಾಗಿ ದಂಗೆಯ ಕತೆ ಪುಟ ತುಂಬುತ್ತದೆ. ಮೇಷ್ಟ್ರು ‘ಓದಿಲ್ಲ’ ಎಂದು ಷರಾ ಬರೆಯುತ್ತಾರೆ. ನಿಜವಾಗಿ ನೋಡಿದರೆ ಮಗು ಓದಿದೆ, ‘ಏಕೆ’ ಎಂದು ಕೇಳಿದಾಗ ಉತ್ತರ ಕಟ್ಟುವುದು ಹೇಗೆಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಎರಡೂ ಉತ್ತರಪತ್ರಿಕೆ ಒಂದೇ ಮೇಜಿನ ಮೇಲೆ ಬಿದ್ದಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಕನ್ನಡ ಮೇಷ್ಟ್ರು ಜೊತೆಗಿದ್ದಿದ್ದರೆ ಉಪಾಯವೂ ಹೊಳೆಯುತ್ತಿತ್ತು.

ಇಂಥದ್ದನ್ನೇ ಒಂದು ಇಡೀ ಹೈಸ್ಕೂಲು ಮಾಡಿ ತೋರಿಸಿದ್ದುಂಟು. ಅಮೆರಿಕದ ಬಾಸ್ಟನ್ ನಗರದ ದಕ್ಷಿಣಕ್ಕೆ ಬ್ರಾಕ್‌ಟನ್ ಎಂಬ ಊರಿದೆ. ಒಂದು ಕಾಲಕ್ಕೆ ಬೂಟಿನ ಕಾರ್ಖಾನೆಗಳಿಗೆ ಹೆಸರಾಗಿತ್ತು. ಕಾರ್ಖಾನೆಗಳು ಮುಚ್ಚಿದವು, ಬಡತನ ಉಳಿಯಿತು. ಕೇಪ್ ವರ್ಡೆ, ಹೈಟಿಗಳಿಂದ ವಲಸೆ ಬಂದ ಕುಟುಂಬಗಳು ಅಲ್ಲಿ ಬಹಳ. ಊರಿನ ಹೈಸ್ಕೂಲಿನಲ್ಲಿ ಆ ಕಾಲಕ್ಕೆ ನಾಲ್ಕು ಸಾವಿರದಷ್ಟು ಮಕ್ಕಳಿದ್ದರು. 1998ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಹೊಸ ಪರೀಕ್ಷೆ ನಡೆದಾಗ ಶೇ 44ರಷ್ಟು ಮಕ್ಕಳು ಇಂಗ್ಲಿಷಿನಲ್ಲಿ, ಶೇ 75ರಷ್ಟು ಗಣಿತದಲ್ಲಿ ನಪಾಸಾದರು. 2003ರಿಂದ ಈ ಪರೀಕ್ಷೆ ಪಾಸಾಗದವರಿಗೆ ಪದವಿಪತ್ರ ಇಲ್ಲ ಎಂಬ ಕತ್ತಿ ಬೇರೆ ತೂಗುತ್ತಿತ್ತು.

ಕೆಲವು ಶಿಕ್ಷಕರು ಶನಿವಾರಗಳಂದು ಸೇರತೊಡಗಿದರು. ಮುಂಚೂಣಿಯಲ್ಲಿದ್ದವರಲ್ಲಿ ಒಬ್ಬರು ಇತಿಹಾಸ ಕಲಿಸುತ್ತಿದ್ದ ಶಿಕ್ಷಕಿ, ಮುಂದೆ ಅವರೇ ಪ್ರಾಂಶುಪಾಲರಾದರು. ಮಕ್ಕಳ ಉತ್ತರಗಳನ್ನು ಹರವಿಕೊಂಡು ಕೂತಾಗ ಅವರಿಗೆ ಕಂಡದ್ದು ಓದುವ, ಬರೆಯುವ, ಮಾತಾಡುವ, ತರ್ಕಿಸುವ ಕೊರತೆ. ಅದನ್ನು ಇಂಗ್ಲಿಷ್ ಮೇಷ್ಟ್ರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲಿಲ್ಲ. ಪ್ರಶ್ನೆ ಓದು, ಮುಖ್ಯ ಪದಗಳಿಗೆ ಗೆರೆ ಎಳೆ, ಟಿಪ್ಪಣಿ ಮಾಡಿಕೋ ಎಂಬಂಥ ಹತ್ತು ಹೆಜ್ಜೆಗಳ ಒಂದೇ ಬರವಣಿಗೆ ಕ್ರಮವನ್ನು ಗಣಿತ, ವಿಜ್ಞಾನ, ವ್ಯಾಯಾಮ ಶಿಕ್ಷಕರೂ ಕಲಿಸಿದರು. ಅಂಕ ಕೊಡುವ ಅಳತೆಗೋಲೂ ಒಂದೇ ಆಯಿತು. ಎಲ್ಲರೂ ಖುಷಿಯಿಂದ ಒಪ್ಪಿದರೆಂದಲ್ಲ, ಗೊಣಗಿದವರಿದ್ದರು. ಶಿಕ್ಷಕರ ಸಂಘದ ಒಪ್ಪಂದದಲ್ಲಿ ಸಭೆಗೆಂದೇ ಇದ್ದ ತಿಂಗಳಿನ ಎರಡು ಗಂಟೆಯನ್ನು ಈ ತರಬೇತಿಗೆ ಬಳಸಿದರು. 2010ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವರದಿ ಮಾಡುವ ಹೊತ್ತಿಗೆ ಈ ಶಾಲೆ ರಾಜ್ಯದ ಶೇ 90ರಷ್ಟು ಹೈಸ್ಕೂಲುಗಳನ್ನು ಹಿಂದಿಕ್ಕಿತ್ತು.

ಅಮೆರಿಕದ ಮಾತು ಇಲ್ಲಿಗೇಕೆ ಎನ್ನುವವರು ಎಚ್.ಡಿ. ಕೋಟೆಯನ್ನು ನೆನೆಯಬಹುದು. 1995ರಲ್ಲಿ ಆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆ ನೋಡಿ ಬಂದು, ಒಟ್ಟಿಗೆ ಕೂತು ಕಲಿಕೆಯ ಕಾರ್ಡುಗಳನ್ನು ಬರೆದು ಕಟ್ಟಿದ್ದೇ ನಲಿ-ಕಲಿ ಎಂಬ ಕಲಿಕಾ ಪದ್ಧತಿ. ಮೇಷ್ಟ್ರುಗಳು ಕೂಡಿ ಯೋಚಿಸಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಈ ನಾಡಿನಲ್ಲೇ ಇದೆ. ಹೈಸ್ಕೂಲಿಗೆ ಬರುವ ಹೊತ್ತಿಗೆ ಮಾತ್ರ ಪಿಸಿಎಂ (ಭೌತ-ರಸಾಯನ-ಗಣಿತ), ಸಿಬಿಝಡ್ (ರಸಾಯನ-ಸಸ್ಯ-ಪ್ರಾಣಿಶಾಸ್ತ್ರ), ಕಲಾ ಶಿಕ್ಷಕರೆಂದು ಒಬ್ಬೊಬ್ಬರದು ಒಂದೊಂದು ಗೂಡು.

ಶಿಕ್ಷಕರಿಗೆ ಮನಸ್ಸಿಲ್ಲ ಎಂದು ಮೂಗು ಮುರಿಯುವುದು ಸುಲಭ. ಬಿಸಿಯೂಟದ ಲೆಕ್ಕ, ಮೊಟ್ಟೆ ವಿತರಣೆ, ಮಕ್ಕಳ ಮಾಹಿತಿಯ ಸ್ಯಾಟ್ಸ್ ಎಂಟ್ರಿ, ಚುನಾವಣೆಯ ಕೆಲಸ ಎಲ್ಲ ಅವರ ಮೇಲೆಯೇ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಅವರನ್ನೇ ಹಚ್ಚಿ ದಸರಾ ರಜೆಯನ್ನು ವಿಸ್ತರಿಸಿದ್ದನ್ನು ಊರವರೆಲ್ಲ ನೋಡಿದ್ದಾರೆ. ಹಾಗಾಗಿ ‘ಶಾಲೆ ಬಿಟ್ಟ ಮೇಲೆ ಕೂತುಕೊಳ್ಳಿ’ ಎಂಬ ಉಪದೇಶ ಬೇಡ. ಒಟ್ಟಿಗೆ ಕೂರಲು ವಾರಕ್ಕೊಂದು ಪೀರಿಯಡ್ ಶಾಲೆಯ ಅವಧಿಯೊಳಗೇ ಸಿಗಬೇಕು.

ಬ್ರಾಕ್‌ಟನ್ನಿನ ಕತೆಗೆ ಇನ್ನೊಂದು ಅಧ್ಯಾಯವೂ ಇದೆ, ಅದನ್ನು ಮುಚ್ಚಿಡಬಾರದು. 2024ರ ಫೆಬ್ರವರಿಯಲ್ಲಿ ಅದೇ ಶಾಲೆಯಲ್ಲಿ ಹೊಡೆದಾಟ ಮಿತಿಮೀರಿ, ಶಾಲಾ ಸಮಿತಿಯ ಕೆಲವು ಸದಸ್ಯರು ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆಯನ್ನು ಕರೆಸಿ ಎಂದು ಕೇಳುವ ಸ್ಥಿತಿ ಬಂತು. ಬಜೆಟ್ ಕೊರತೆ ಮತ್ತು ಶಿಕ್ಷಕರ ಅಭಾವ ಆ ದುಃಸ್ಥಿತಿಯ ಹಿಂದಿದ್ದವು. ಒಟ್ಟಿಗೆ ಕೂರಬೇಕಾದವರೇ ಇಲ್ಲದಿದ್ದರೆ ಸಭೆ ಯಾರದು? ಇಲ್ಲಿಯೂ ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರಿಂದ ತುಂಬಿ ದಿನ ದೂಡುವ ಶಾಲೆಗಳು ಬಹಳ. ಆ ಒಂದು ಗಂಟೆಗೆ ಅತಿಥಿ ಶಿಕ್ಷಕರನ್ನೂ ಕರೆಯಬೇಕು, ಆ ಗಂಟೆಗೂ ಗೌರವಧನ ಕೊಡಬೇಕು. ಹುದ್ದೆ ತುಂಬಿ ಎಂಬ ಒತ್ತಾಯವೂ ಇದರ ಜೊತೆಗೇ ಸಾಗಬೇಕು.

ಓದುಗರಲ್ಲಿ ಮನವಿ ಇಷ್ಟು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಾಗಿರುವವರು ಮುಂದಿನ ಸಭೆಯಲ್ಲಿ ಕಾಂಪೌಂಡು, ಶೌಚಾಲಯಗಳ ಜೊತೆ ಈ ಪೀರಿಯಡನ್ನೂ ಅಜೆಂಡಾಕ್ಕೆ ಹಾಕಿಸಿ. ಹಳೆ ವಿದ್ಯಾರ್ಥಿಗಳು ಶಾಲೆಗೆ ಕಮಾನು ಕಟ್ಟಿಸುವುದರಲ್ಲಿ ಎತ್ತಿದ ಕೈ. ವಾರಕ್ಕೊಂದು ಗಂಟೆ ಬಂದು ಮಕ್ಕಳಿಗೆ ಲೈಬ್ರರಿಯಲ್ಲಿ ಪುಸ್ತಕ ಓದಿಸುವುದೋ ಅಂಗಳದಲ್ಲಿ ಆಟ ಆಡಿಸುವುದೋ ಮಾಡಿದರೆ, ಆ ಹೊತ್ತು ಶಿಕ್ಷಕರಿಗೆ ಬಿಡುವು ಸಿಗುತ್ತದೆ. ನಿವೃತ್ತ ಬ್ಯಾಂಕ್ ನೌಕರರು, ಡಿಗ್ರಿ ಓದುತ್ತಿರುವ ಹುಡುಗ ಹುಡುಗಿಯರು ಇದನ್ನು ಧಾರಾಳವಾಗಿ ಮಾಡಬಲ್ಲರು. ಇಲಾಖೆಯ ಅಧಿಕಾರಿಗಳು ದಯವಿಟ್ಟು ಈ ಗಂಟೆಗೊಂದು ನಮೂನೆ, ವರದಿ, ಫೋಟೊ ಅಪ್‌ಲೋಡ್ ಎಂದು ಹೇರಬೇಡಿ. ಹೇರಿದ ದಿನವೇ ಅದು ಸತ್ತಂತೆ. ಕೂತವರು ಯಾರ ಫಲಿತಾಂಶ ಕಡಿಮೆ ಎಂದು ಬೆರಳು ತೋರಿಸದೆ, ಮಕ್ಕಳ ನಾಲ್ಕು ಉತ್ತರಪತ್ರಿಕೆ ಇಟ್ಟುಕೊಂಡು ಮಾತಾಡಿದರೆ ಸಾಕು. ಹೆತ್ತವರು ಪಾಲಕರ ಸಭೆಗೆ ಹೋದಾಗ ‘ನನ್ನ ಮಗನಿಗೆ ಎಷ್ಟು ಅಂಕ’ ಎಂದು ಕೇಳಿದ ಮೇಲೆ, ‘ಅವನ ಮೇಷ್ಟ್ರುಗಳೆಲ್ಲ ಈ ತಿಂಗಳು ಎಷ್ಟು ಸಲ ಒಟ್ಟಿಗೆ ಕೂತರು’ ಎಂದೂ ಕೇಳಲಿ. ಜೂನ್ ಮೊದಲ ವಾರ ವೇಳಾಪಟ್ಟಿ ಬರೆಯಲು ಕೂರುವ ಮುನ್ನವೇ ಮುಖ್ಯ ಶಿಕ್ಷಕರ ಕಿವಿಗೆ ಈ ಮಾತು ಬೀಳಲಿ.