ದುಡ್ಡಿನ ಟ್ಯಾಂಕ್ ಗೆಲ್ಲಿಸಲ್ಲ, ಬುದ್ಧಿ ಗೆಲ್ಲಿಸುತ್ತೆ

ಸುದ್ದಿ ಕಳಿಸಿ ಮುಗಿಸಿದ ಮೇಲೆ ರಾತ್ರಿ ನಾವೂ ಮೊಬೈಲ್‌ನಲ್ಲಿ ವರ್ಲ್ಡ್ ಆಫ್ ಟ್ಯಾಂಕ್ಸ್ ಬ್ಲಿಟ್ಜ್ ಆಡುತ್ತೇವೆ. ಸೋತು ಸೋತು ಸಾಕಾಗಿ ಒಮ್ಮೆ ದುಡ್ಡು ಕೊಟ್ಟು 8ನೇ ಹಂತದ ಟ್ಯಾಂಕ್ ಕೊಂಡೆವು. ನಾಲ್ಕು ಸುದ್ದಿಯ ಸಂಭಾವನೆ ಹೋಯಿತು, ಸೋಲು ನಿಲ್ಲಲಿಲ್ಲ.

ಕಾರಣ ಸರಳ. ಆಟದಲ್ಲಿ ಇರುವುದು 10 ಹಂತ. 8ಕ್ಕೆ ಹಾರಿದರೆ ಎದುರಿಗೆ ಸಿಗುವವರು ಕೆಳಗಿನಿಂದ ಆಡುತ್ತಾ ಬಂದ ಪಳಗಿದವರು. ನಾವು ಒಂದನೇ ಕ್ಲಾಸಿನಿಂದ ನೇರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತಂತಾಗಿತ್ತು.

ಕೊನೆಗೆ ಕೈಹಿಡಿದದ್ದು ಪುಕ್ಕಟೆ ಪಾಠಗಳೇ.

ಒಂದು, ಶತ್ರುವಿಗೆ ಎದೆಯೊಡ್ಡಿ ನಿಲ್ಲಬೇಡಿ. ಟ್ಯಾಂಕನ್ನು ಸ್ವಲ್ಪ ಓರೆ ಮಾಡಿ. ಓರೆಯಾಗಿ ಬಡಿದ ಗುಂಡು ಹೆಚ್ಚು ಉಕ್ಕು ಕೊರೆಯಬೇಕು. ನಿಜವಾದ ಸೋವಿಯತ್ ಟಿ-34 ಟ್ಯಾಂಕಿನ ಮುಂಭಾಗದ ತಗಡು 45 ಮಿ.ಮೀ. ದಪ್ಪ ಅಷ್ಟೇ; 60 ಡಿಗ್ರಿ ವಾಲಿದ್ದರಿಂದ ನೇರ ಬಂದ ಗುಂಡಿಗೆ ಅದು 90 ಮಿ.ಮೀ. ಆಗುತ್ತಿತ್ತು. ಆದರೆ ತೀರಾ ತಿರುಗಿಸಿದರೆ ತೆಳು ಪಕ್ಕೆ ಕಾಣುತ್ತದೆ, ಹುಷಾರು.

ಎರಡು, ದಿಬ್ಬದ ಹಿಂದೆ ಒಡಲು ಅಡಗಿಸಿ ತಲೆಭಾಗ ಮಾತ್ರ ತೋರಿಸಿ. ಹೊಡೆದ ತಕ್ಷಣ ಹಿಂದೆ ಸರಿಯಿರಿ. ಮುಂದಿನ ಗುಂಡು ತುಂಬುವವರೆಗೆ ಮರೆಯಲ್ಲೇ ಇರಿ.

ಮೂರು, ಒಬ್ಬರೇ ನುಗ್ಗಬೇಡಿ. ಇದು 7 ಜನರ ತಂಡ. ಎಲ್ಲರೂ ಸೇರಿ ಒಂದೇ ಟ್ಯಾಂಕಿಗೆ ಹೊಡೆಯಿರಿ. ಅರೆಜೀವವಾದ ಶತ್ರುವಿನ ಗುಂಡಿನ ಪೆಟ್ಟೇನೂ ಅರ್ಧವಾಗುವುದಿಲ್ಲ. ಅವನನ್ನು ಮುಗಿಸಿದರಷ್ಟೇ ಒಂದು ತೋಪು ಕಮ್ಮಿ.

ತಮ್ಮಂದಿರೇ, ಸೋತ ಸಿಟ್ಟಲ್ಲಿ ಆಟದ ಅಂಗಡಿ ತೆರೆಯುವ ಮುಂಚೆ, ಎಲ್ಲಿ ನಿಂತು ಸತ್ತೆವು ಅಂತ ಒಂದು ಸಲ ಯೋಚಿಸಿ. ಆಟವೂ ಸುಧಾರಿಸುತ್ತದೆ, ಅಪ್ಪನ ಖಾತೆಯ ದುಡ್ಡೂ ಉಳಿಯುತ್ತದೆ.